ಮುತ್ತೈದೆಯರ ಸಾಲು

ನಾನು ಕಾಯಿಲೆ ನೋಡುವ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಲ್ಲಿಪಟ್ಟಣದಲ್ಲಿ ನನ್ನ ಅಕ್ಕನ ಬೀದಿಯವರು ಇವತ್ತಿಗೂ ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ. ಎಷ್ಟು ಸಲ ತಿದ್ದಿದರೂ ಅಷ್ಟೇ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು ನಾನು. ಸಿಗ್ನಲ್ ಪ್ರೊಸೆಸಿಂಗ್ ನನ್ನ ವಿಷಯ. ಸಂತೆಯ ಗದ್ದಲದಲ್ಲೂ ತಾಯಿಯ ಕಿವಿ ತನ್ನ ಮಗುವಿನ ಅಳುವನ್ನು ಮಾತ್ರ ಆರಿಸಿಕೊಳ್ಳುತ್ತದಲ್ಲ, ಆ ಕೆಲಸವನ್ನು ಲೆಕ್ಕಾಚಾರದಿಂದ ಮಾಡುವ ವಿದ್ಯೆ ಇದು ಎಂದು ಮೊದಲ ದಿನ ತರಗತಿಯಲ್ಲಿ ಹೇಳುತ್ತೇನೆ. ಎಲ್ಲರೂ ಚೆನ್ನಾಗಿ ತಲೆಯಾಡಿಸುತ್ತಾರೆ. ಎರಡನೇ ವಾರ ಸಮೀಕರಣ ಶುರುವಾದಾಗ ಆ ತಲೆಗಳೆಲ್ಲ ಮೊಬೈಲಿನ ಕಡೆಗೆ ಬಾಗುತ್ತವೆ.

ಈ ವಿಷಯದ ಹುಚ್ಚು ಹಿಡಿಸಿದವರು ಸರ್. ಅವರ ಹೆಸರು ಬೇಡ, ನನ್ನ ಬಾಯಲ್ಲಿ ಅವರು ಯಾವತ್ತೂ ಬರೀ ಸರ್. ಹೊಳೆನರಸೀಪುರದ ಒಕ್ಕಲು ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದು, ತಪ್ಪಾದರೂ ಪರವಾಗಿಲ್ಲ ಬರಿ ಎಂದು ಸೀಮೆಸುಣ್ಣ ಕೈಗೆ ಕೊಟ್ಟವರು ಅವರು. ಮುಂದೆ ನಾನು ಅದೇ ವಿಭಾಗದಲ್ಲಿ ಪಾಠಕ್ಕೆ ಸೇರಿದಾಗ ಮೊದಲ ವಾರವಿಡೀ ನನ್ನ ತರಗತಿಯ ಕೊನೆಯಲ್ಲಿ ಕೂತು ಕೇಳಿ, ಆಮೇಲೆ ಹೊರಗೆ ಬಂದು ಮೆಲ್ಲಗೆ, "ಧ್ವನಿ ಇನ್ನೊಂಚೂರು ಜೋರಾಗಲಮ್ಮ, ಹೆದರೋಕೆ ಅಲ್ಲೇನಿದೆ, ಎಲ್ಲ ನಿನಗಿಂತ ಕಡಿಮೆ ಓದಿರೋರೇ" ಎಂದವರು. ನನ್ನ ಮದುವೆಯಲ್ಲಿ ಊಟದ ಪಂಕ್ತಿಯ ಕೊನೆಯವರೆಗೂ ನಿಂತು ಬಡಿಸಿದ್ದರು. ಇಂಥವರ ಮಾತನ್ನು ಒರೆಗೆ ಹಚ್ಚಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಕಾಲೇಜಿನಲ್ಲಿ ಕಂಡಕಂಡದ್ದಕ್ಕೆಲ್ಲ ಪುರಾವೆ ಕೇಳುವ ನಾನು ಅವರ ವಿಷಯದಲ್ಲಿ ಶುದ್ಧ ಭಕ್ತೆ.

ಸರ್‌ಗೆ ಒಂದು ಆಸೆ ಇತ್ತು. ಹಳ್ಳಿಯ ಆರೋಗ್ಯ ಕೇಂದ್ರದ ನರ್ಸು ಎದೆಯ ಮೇಲೆ ಇಟ್ಟರೆ ಸಾಕು, ಹೃದಯದ ವಾಲ್ವು ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುವ ಯಂತ್ರ ಮಾಡಬೇಕು. ವಾಲ್ವು ಎಂದರೆ ಹೃದಯದೊಳಗಿನ ಬಾಗಿಲು. ಅದು ಸರಿಯಾಗಿದ್ದರೆ ಲಬ್ ಡಬ್ ಎಂದು ಎರಡು ಸ್ಪಷ್ಟ ಸದ್ದು. ಬಾಗಿಲು ಕಿರಿದಾದರೆ ಡಬ್ ಆದಮೇಲೆ, ಮುಂದಿನ ಲಬ್‌ಗೆ ಮೊದಲು, ಗುಡುಗುಡು ಎಂಬ ತೀರಾ ಕೆಳದನಿಯ ಇನ್ನೊಂದು ಸದ್ದು ಸೇರುತ್ತದೆ. ಪಳಗಿದ ಡಾಕ್ಟರ ಕಿವಿಗೆ ಅದು ಸಿಗುತ್ತದೆ. ಅಂಥ ಕಿವಿಗಳು ಅರಕಲಗೂಡಿನ ಹಳ್ಳಿಹಳ್ಳಿಗೆ ಎಲ್ಲಿಂದ ಬರಬೇಕು? ನಾವು ಸ್ಟೆತಾಸ್ಕೋಪಿನ ತಲೆಯೊಳಗೆ ಪುಟ್ಟ ಮೈಕು ಕೂರಿಸಿ ಅದನ್ನು ಟ್ಯಾಬಿಗೆ ಜೋಡಿಸಿದೆವು. ಹದಿನೈದು ಸೆಕೆಂಡು ಸದ್ದು ಕೇಳಿ, ಬೇಡದ್ದನ್ನು ಸೋಸಿ, ಉಳಿದದ್ದನ್ನು ತೂಗಿ ನೋಡಿ ಅದು ಒಂದು ದೀಪ ತೋರಿಸುತ್ತಿತ್ತು. ಹಸಿರು ಬಂದರೆ ಏನೂ ಇಲ್ಲ, ಮನೆಗೆ ಹೋಗಿ. ಕೆಂಪು ಬಂದರೆ ದೊಡ್ಡಾಸ್ಪತ್ರೆಗೆ ಹೋಗಿ.

ಯಂತ್ರಕ್ಕೆ ಪಾಠ ಹೇಳಬೇಕಾದರೆ ಎರಡೂ ಬಗೆಯ ಹೃದಯಗಳ ಸದ್ದು ಬೇಕು, ಕಾಯಿಲೆಯದ್ದು ಮತ್ತು ಗಟ್ಟಿಯಾಗಿರುವುದು. ಗಂಡಸರು ಹಗಲು ಹೊತ್ತು ಸಿಗುವುದಿಲ್ಲವೆಂದು ಹೆಂಗಸರಿಂದ ಶುರುಮಾಡಿದೆವು. ಎದೆಯ ಮೇಲೆ ಇಡುವ ಕೆಲಸವಾದ್ದರಿಂದ ರೆಕಾರ್ಡಿಂಗೆಲ್ಲ ನನ್ನದೇ. ಕಾಯಿಲೆಯವರು ಸಿಕ್ಕಿದ್ದು ಹೃದಯದ ಆಪರೇಷನ್ನಿಗೆ ಕಾಯುತ್ತಿದ್ದ ವಾರ್ಡಿನಲ್ಲಿ. ಗಟ್ಟಿಮುಟ್ಟಾದವರು ಸಿಕ್ಕಿದ್ದು ಹೊಳೆನರಸೀಪುರ, ಅರಕಲಗೂಡು ಸುತ್ತಿನ ಸ್ತ್ರೀಶಕ್ತಿ ಸಂಘಗಳಲ್ಲಿ. ಸಂಘದ ಹೆಂಗಸರು ನಗುನಗುತ್ತಾ ಬಂದು ಸಾಲಾಗಿ ಚಾಪೆಯ ಮೇಲೆ ಮಲಗುತ್ತಿದ್ದರು, ಮುಂದೆ ಬಂದವರೆಲ್ಲ ಮುತ್ತೈದೆಯರೇ. ಸರ ತೆಗೆಯಿರಿ ಎಂದರೆ ತೆಗೆಯುತ್ತಿದ್ದರು, ತಾಳಿ ಮಾತ್ರ ಮುಟ್ಟುವ ಹಾಗಿಲ್ಲ. "ಅದೊಂದ್ ಬುಟ್ಟು ಬ್ಯಾರೆ ಏನಾರ ಕೇಳವ್ವ" ಎಂದು ನಗುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ. ನಮ್ಮಮ್ಮ ಎಕ್ಸ್‌ರೇ ತೆಗೆಸುವಾಗ ಮಾಡಿದ ರಂಪ ನನಗೆ ನೆನಪಿತ್ತು. ಎರಡು ತಾಳಿ ಬಿಲ್ಲೆ, ನಡುವಿನ ಗುಂಡುಗಳು ಎದೆಯ ಎಡಭಾಗಕ್ಕೆ ಜಾರಿ ಮೈಕಿನ ಅಂಚಿಗೆ ಟಿಕ್ ಟಿಕ್ ಎಂದು ತಾಗುತ್ತಿದ್ದವು. ಆ ಸದ್ದನ್ನು ಸೋಸಲು ನಾನೇ ಒಂದು ಫಿಲ್ಟರ್ ಬರೆದೆ. ಹೆಡ್‌ಫೋನ್ ಹಾಕಿ ಕೇಳಿದೆ, ಟಿಕ್ ಎಂಬುದು ಎಲ್ಲೂ ಇರಲಿಲ್ಲ. ಬೀಗಿದೆ.

ವಾರ್ಡಿನಲ್ಲಿ ಈ ತೊಂದರೆಯೇ ಇರಲಿಲ್ಲ. ಅಲ್ಲಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿಸಿ ಮನೆಯವರ ಕೈಗೆ ಕೊಟ್ಟುಬಿಡುತ್ತಿದ್ದರು. ಕೊರಳು ಬರಿದಾಗಬಾರದೆಂದು ಮನೆಯವರು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕುತ್ತಿದ್ದರು. ಅರಿಶಿನದ ಕೊಂಬು ಯಾವುದಕ್ಕೂ ತಾಗಿ ಸದ್ದು ಮಾಡುವುದಿಲ್ಲ.

ಇದನ್ನು ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿರಬಹುದು. ನಾಲ್ಕು ವರ್ಷ ಅದೇ ಕೆಲಸದಲ್ಲಿ ಮುಳುಗಿದ್ದ ನಮಗೆ ಗೊತ್ತಾಗಲಿಲ್ಲ. ಯಂತ್ರವನ್ನು ಯಾವಾಗ ಪರೀಕ್ಷಿಸಿದರೂ ಫಲಿತಾಂಶ ನಂಬಲಾರದಷ್ಟು ಚೆನ್ನಾಗಿ ಬರುತ್ತಿತ್ತು. ನಂಬಲಾರದ್ದನ್ನು ನಂಬಬಾರದು ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ, ಆದರೆ ಸರ್ ಮುಖ ಅರಳಿದ್ದು ನೋಡಿ ನನ್ನ ಬುದ್ಧಿಯೂ ಅರಳಿಕೊಂಡು ಕೂತಿತು. ಯಂತ್ರವನ್ನು ತಾಲ್ಲೂಕಿನ ಆರೋಗ್ಯ ಕೇಂದ್ರಗಳಿಗೆಲ್ಲ ಕೊಡುವ ಮಾತು ಬಂತು. ಅದನ್ನು ನೋಡಿ ಒಪ್ಪಿಗೆ ಕೊಡಲು ಒಂದು ಸಮಿತಿ ಬರುವುದೆಂದಾಯಿತು.

ಇನ್ನು ಅಕ್ಕನ ವಿಷಯ. ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಮಲ್ಲಿಪಟ್ಟಣಕ್ಕೆ ಹೋದಳು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ಸಾರಿನ ಹಂಡೆಯನ್ನು ಇಬ್ಬರು ಹಿಡಿದು ಇಳಿಸಬೇಕಾದಲ್ಲಿ ಒಬ್ಬಳೇ ಇಳಿಸುವ ಗಟ್ಟಿಗಿತ್ತಿ ಎಂದು ಹೆಸರಾಗಿದ್ದವಳು. ಒಂದೆರಡು ವರ್ಷದಿಂದ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮಲಗಿದರೆ ಕೆಮ್ಮು, ಎರಡು ದಿಂಬು ಬೇಕು. ದಪ್ಪಗಾಗಿದೀನಿ ಅದಕ್ಕೆ ಎನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಗಂಟಲು ನೋವು ಜ್ವರ ಬಂದು, ಆಮೇಲೆ ಮಂಡಿ ಊದಿಕೊಂಡು ಒಂದು ಬೇಸಿಗೆಯಿಡೀ ಅವಳು ಮಲಗಿದ್ದಳೆಂದು ಅಮ್ಮ ಹೇಳುತ್ತಿದ್ದ ಮಾತು ನನ್ನ ತಲೆಯಲ್ಲಿತ್ತು. ಆ ಜ್ವರ ಕೀಲುಗಳಿಗೆ ಬಂದು ಹೋಗುತ್ತದೆ, ವಾಲ್ವಿನಲ್ಲಿ ಉಳಿದುಬಿಡುತ್ತದೆ ಎಂದು ಈ ಕೆಲಸಕ್ಕಾಗಿ ಓದುವಾಗ ನಾನು ಕಲಿತಿದ್ದೆ. ಹಾಸನಕ್ಕೆ ಬಾ, ಒಂದು ಸ್ಕ್ಯಾನ್ ಮಾಡಿಸೋಣ ಎಂದು ಅವಳ ಹಿಂದೆ ಬಿದ್ದೆ. "ನಾನ್ ಬಂದ್ರೆ ಆ ಮಕ್ಳಿಗೆ ಅನ್ನ ಬೇಯ್ಸೋರ್ಯಾರೆ? ರಜ ಬರ್ಲಿ, ಬತ್ತೀನಿ" ಎನ್ನುತ್ತಿದ್ದಳು. ರಜೆ ಬಂದಾಗ ಬೇರೇನೋ ಬರುತ್ತಿತ್ತು.

ಸಮಿತಿ ಬರುವ ಮೊದಲು ಒಂದು ಹೊಸ ಊರಿನಲ್ಲಿ ಯಂತ್ರವನ್ನು ಆಡಿಸಿ ನೋಡೋಣ ಎಂದು ನಾನು ಇಬ್ಬರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ತೆಂಗಿನಕಾಯಿ ಮಾರುಕಟ್ಟೆಯ ಹತ್ತಿರ ಒಂದು ಕೋಣೆ ಸಿಕ್ಕಿತು. ಸಂಘದ ಹೆಂಗಸರಿಗಿಂತ ಬೇರೆ ಜನ ಅವರು. ಕಾಯಿ ಸುಲಿಯುವವರು, ಕೊಬ್ಬರಿ ಹೊರುವವರು, ವ್ಯಾಪಾರದವರು. ಒಂದಷ್ಟು ಹಸಿರಾದ ಮೇಲೆ ಕೆಂಪು ಬಂತು. ಆಮೇಲೆ ಎರಡು ಹಸಿರು, ಮತ್ತೆ ಕೆಂಪು. ಮಧ್ಯಾಹ್ನದ ಹೊತ್ತಿಗೆ ಐದು ಕೆಂಪು ಬಂದವು. ಒಂದು ದಿನಕ್ಕೆ ಅಷ್ಟು ಬರಬಾರದು. ಐದನೆಯವಳು ಐವತ್ತು ದಾಟಿದ ಕಾಯಿ ವ್ಯಾಪಾರಿ. ಬೆಳಿಗ್ಗೆಯಿಂದ ಲಾರಿಗೆ ಮೂಟೆ ಹೇರಿಸಿ ಬಂದಿದ್ದಳು, ಒಂದು ಚೂರೂ ಉಸಿರು ಕಟ್ಟಿರಲಿಲ್ಲ. ಕೆಂಪು ದೀಪ ನೋಡಿ ಎದ್ದು ಕೂತಳು. ಮೊದಲೇ ಕೆಂಪು ಬಂದು ಬಾಗಿಲ ಹತ್ತಿರ ಕೂತಿದ್ದ ನಾಲ್ವರನ್ನು ನೋಡಿದಳು. ಒಬ್ಬೊಬ್ಬರ ಕೊರಳನ್ನೂ ನೋಡಿದಳು.

"ಅಲ್ಲ ಕಣವ್ವ, ಗಂಡ ಸತ್ತೋರ್ಗೆಲ್ಲ ಕೆಂಪು ದೀಪ ಹಚ್ತದಾ ನಿನ್ ಮಿಶನ್ನು?" ಎಂದಳು. "ಊರೋರು ಅನ್ನೋದು ಸಾಲ್ದು ಅಂತ ಇದೂ ಸುರು ಮಾಡ್ಕಂತಾ?"

ವಿದ್ಯಾರ್ಥಿನಿಯರು ನಕ್ಕರು. ನನಗೆ ನಗು ಬರಲಿಲ್ಲ. ಐವರಿಗೂ ತಾಳಿ ಇರಲಿಲ್ಲ. ಹಸಿರು ಬಂದವರಿಗೆಲ್ಲ ಇತ್ತು. ಅವಳು ಒಂದು ಕ್ಷಣದಲ್ಲಿ ಕಂಡದ್ದನ್ನು ನಾವು ಎರಡು ಡಾಕ್ಟರೇಟ್ ಇಟ್ಟುಕೊಂಡು ನಾಲ್ಕು ವರ್ಷ ಕಾಣಲಿಲ್ಲ. ಸಾಮಾನು ಕಟ್ಟಿಸಿ ಅವತ್ತೇ ವಾಪಸಾದೆ. ಸಂಜೆಗೆ ಮುಂಚೆ ಲ್ಯಾಬಿನ ಬಾಗಿಲು ಹಾಕಿಕೊಂಡು ಮೈಕನ್ನು ನನ್ನ ಎದೆಯ ಮೇಲೇ ಇಟ್ಟುಕೊಂಡೆ. ತಾಳಿ ಮೇಲೆ ಬಿಟ್ಟಾಗ ಹಸಿರು. ತಾಳಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಾಗ ಕೆಂಪು. ಬಿಟ್ಟೆ, ಹಸಿರು. ಹಿಡಿದೆ, ಕೆಂಪು. ನನ್ನ ಫಿಲ್ಟರು ಟಿಕ್ ಎಂಬ ಮೇಲುದನಿಯನ್ನು ಸೋಸಿತ್ತು, ಮೈಕಿನ ಅಂಚಿಗೆ ಚಿನ್ನ ತಾಗಿದಾಗ ಹುಟ್ಟುವ ಕೆಳದನಿಯ ಸಣ್ಣ ಗುದ್ದು ಹಾಗೇ ಉಳಿದಿತ್ತು. ನನ್ನ ಕಿವಿಗೆ ಅದು ಕೇಳಿಸಿರಲಿಲ್ಲ, ಯಂತ್ರಕ್ಕೆ ಕೇಳಿಸುತ್ತಿತ್ತು. ಅದು ಹೃದಯವನ್ನು ಕೇಳಲು ಕಲಿತೇ ಇರಲಿಲ್ಲ. ತಾಳಿಯ ಸದ್ದು ಇದ್ದರೆ ಆರೋಗ್ಯ, ಇಲ್ಲದಿದ್ದರೆ ಕಾಯಿಲೆ ಎಂದು ಕಲಿತು ಕೂತಿತ್ತು.

ಮಾರನೇ ಬೆಳಿಗ್ಗೆ ಸರ್ ಮುಂದೆ ಹಾಗೇ ಮಾಡಿ ತೋರಿಸಿದೆ. ಹಿಡಿದೆ, ಬಿಟ್ಟೆ, ಹಿಡಿದೆ. ಅವರು ಮೊದಲು ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಇದನ್ನ ಯಾರಿಗೆ ಹೇಳಿದೀಯಾ?"

"ಯಾರಿಗೂ ಇಲ್ಲ ಸರ್."

"ಹೇಳಬೇಡ. ಸಮಿತಿಗೆ ನಾನೇ ಹೇಳ್ತೀನಿ, ಹೇಗೆ ಹೇಳಬೇಕೋ ಹಾಗೆ ಹೇಳ್ತೀನಿ. ತಪ್ಪು ಕಂಡುಹಿಡಿಯೋದೂ ವಿಜ್ಞಾನವೇ. ಎಲ್ಲ ಹೊಸದಾಗಿ ರೆಕಾರ್ಡ್ ಮಾಡೋಣ. ಅಲ್ಲೀವರೆಗೆ ಇದು ಬೀರುವಿನಲ್ಲಿರಲಿ, ಕೀಲಿ ನನ್ನ ಹತ್ತಿರ ಇರುತ್ತೆ. ಇನ್ನು ಒಬ್ಬರ ಎದೆ ಮೇಲೂ ಇದನ್ನ ಇಡೋದಿಲ್ಲ. ಸರೀನಾ?"

ಎಷ್ಟು ದೊಡ್ಡ ಮನಸ್ಸು ಎಂದು ನನ್ನ ಕಣ್ಣು ತುಂಬಿತು. ನಾಲ್ಕು ವರ್ಷದ ಕೆಲಸ ನೀರಿಗೆ ಬಿದ್ದರೂ ಈ ಮನುಷ್ಯ ಒಂದು ಗಟ್ಟಿ ಮಾತು ಆಡಲಿಲ್ಲವಲ್ಲ ಎಂದುಕೊಂಡೆ. ಅವರು ನನ್ನೆದುರೇ ಯಂತ್ರವನ್ನು ಬೀರುವಿಗಿಟ್ಟು ಬೀಗ ಹಾಕಿದರು. ನಾನು ವಿದ್ಯಾರ್ಥಿನಿಯರಿಗೂ ಬಾಯಿ ಬಿಡಬೇಡಿ ಎಂದು ಹೇಳಿ, ಹೊಸ ಮೈಕಿನ ತಲೆ ಕೆತ್ತಿಸುವುದರಲ್ಲಿ ಮುಳುಗಿಹೋದೆ. ಆ ದಿನಗಳಲ್ಲೇ ಅಕ್ಕ ಒಮ್ಮೆ, "ತೋರುಸ್ಕಂಡೆ ಕಣೆ, ಏನೂ ಇಲ್ವಂತೆ, ಇನ್ನ್ ಬಡ್ಕಬ್ಯಾಡ" ಎಂದಳು. ಯಾವ ಡಾಕ್ಟರು ಎಂದೆ. "ನೀ ಬಾ, ಯೇಳ್ತೀನಿ" ಎಂದು ನಕ್ಕಳು. ಅರಕಲಗೂಡಿನಲ್ಲಿ ಯಾರಿಗೋ ತೋರಿಸಿರಬೇಕು ಎಂದುಕೊಂಡು ನಿರಾಳವಾದೆ.

ಅದಾಗಿ ತಿಂಗಳೊಳಗೆ ಒಂದು ಮಧ್ಯಾಹ್ನ ಭಾವ ಫೋನ್ ಮಾಡಿದರು. ಅಕ್ಕ ಮಕ್ಕಳಿಗೆ ಬಡಿಸುತ್ತಿದ್ದವಳು ಸೌಟು ಕೈಬಿಟ್ಟು ಕುಸಿದಳಂತೆ. ಮಾತು ತೊದಲುತ್ತಿದೆಯಂತೆ, ಬಲಗೈ ಎತ್ತಲಾಗುತ್ತಿಲ್ಲವಂತೆ. ಹಾಸನಕ್ಕೆ ಕರೆತಂದರು. ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ಡಾಕ್ಟರು ತಮ್ಮ ಹಳೇ ಸ್ಟೆತಾಸ್ಕೋಪನ್ನು ಅವಳ ಎದೆಯ ಮೇಲಿಟ್ಟು, ಎಡಕ್ಕೆ ಹೊರಳಿಸಿ, ಕಣ್ಣು ಮುಚ್ಚಿ ಕೇಳಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

"ವಾಲ್ವು ತುಂಬಾ ಕಿರಿದಾಗಿದೆ. ವರ್ಷಗಟ್ಟಲೆಯಿಂದ ಇರೋದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಮೆದುಳಿಗೆ ಹೋಗಿದೆ" ಎಂದರು. "ಇಷ್ಟು ದಿನ ಯಾರೂ ಎದೆ ಕೇಳಲಿಲ್ವೇ? ಒಂದು ತಿಂಗಳು ಮುಂಚೆ ಬಂದಿದ್ದರೆ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡಬಹುದಿತ್ತು."

ಭಾವ ಅಂಗಿಯ ಜೇಬಿಗೆ ಕೈ ಹಾಕಿದರು. "ಕೇಳುದ್ರಲ್ಲ ಸಾ. ಇವ್ಳೇ ಮಾಡಿರೋ ಮಿಶನ್ನು, ನಮ್ಮೂರ್ಗೇ ಬಂದಿತ್ತು. ಇವ್ಳಕ್ಕ ಎಲ್ಲಾರ್ಗಿಂತ ಮುಂಚೆ ಓಗಿ ಕುಂತ್ಕಂಡ್ಲು. ಏನೂ ಇಲ್ಲ ಅಂತ ಚೀಟಿ ಕೊಟ್ಟವ್ರೆ, ನೋಡಿ."

ಡಾಕ್ಟರು ಚೀಟಿ ನೋಡಿ ನನ್ನ ಕಡೆ ನೋಡಿದರು. ನಾನು ಕೈಚಾಚಿ ಅದನ್ನು ತೆಗೆದುಕೊಂಡೆ. ನಮ್ಮ ವಿಭಾಗದ ಮುದ್ರೆ. ಹಸಿರು ಗುರುತು. ಮೇಲುಗಡೆ ದಪ್ಪಕ್ಷರದಲ್ಲಿ, ಸುಮಂಗಲಿಯರಿಗೆ ಉಚಿತ ಹೃದಯ ತಪಾಸಣೆ, ಅರಿಶಿನ ಕುಂಕುಮ ಮತ್ತು ಬಳೆ ವಿತರಣೆ.

ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ನಮ್ಮ ಕಡೆ ಮುತ್ತೈದೆಯರಿಗೆ ಮಾತ್ರ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಗಂಡನಿಲ್ಲದವರು ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಾರೆ, ಯಾರೂ ತಳ್ಳಬೇಕಾಗಿಲ್ಲ. ಸಾಲಿನಲ್ಲಿ ಬರೀ ತಾಳಿ ಇರುವವರು ನಿಂತರೆ ಬರೀ ಹಸಿರೇ ಬರುತ್ತದೆ. ಸಮಿತಿಯವರ ಮುಂದೆ ಒಂದೂ ತಪ್ಪು ಕೆಂಪು ಹತ್ತುವುದಿಲ್ಲ. ನಾನು ಕಂಡುಹಿಡಿದು ಕೊಟ್ಟ ತಪ್ಪನ್ನು ತಿದ್ದುವ ಬದಲು ಸರ್ ಅದನ್ನೇ ಕೈಪಿಡಿ ಮಾಡಿಕೊಂಡು, ಅದು ಹೊರಗೆ ಕಾಣದ ಹಾಗೆ ಜನರನ್ನು ನಿಲ್ಲಿಸಿದ್ದರು. ಅದಕ್ಕೆ ಬಳಸಿದ್ದು ನಮ್ಮ ಹೆಂಗಸರ ಸಂಕೋಚವನ್ನು.

ಕೋಪ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಬಂದದ್ದು ನಾಚಿಕೆ. ಭಾವನ ಮುಖ ನೋಡಲಾಗದೆ ಹೊರಗೆ ಹೋಗಿ ಔಷಧಿ ಅಂಗಡಿಯ ಸಾಲಿನಲ್ಲಿ ಸುಮ್ಮನೆ ನಿಂತಿದ್ದೆ. ನನ್ನ ಸರದಿ ಬಂದಾಗ ಏನು ಬೇಕು ಎಂದರು. ನನ್ನ ಕೈಯಲ್ಲಿ ಔಷಧಿಯ ಚೀಟಿಯೇ ಇರಲಿಲ್ಲ.

ಎರಡು ದಿನದ ನಂತರ ಕಾಲೇಜಿಗೆ ಹೋದೆ. ಸರ್ ತಮ್ಮ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಚೀಟಿಯನ್ನು ಮೇಜಿನ ಮೇಲಿಟ್ಟೆ.

"ಬೀರುವಿನ ಕೀಲಿ ನಿಮ್ಮ ಹತ್ತಿರ ಇರುತ್ತೆ ಅಂದಿದ್ರಿ ಸರ್."

"ಕೂತ್ಕೋಮ್ಮ."

"ಒಬ್ಬರ ಎದೆ ಮೇಲೂ ಇಡಲ್ಲ ಅಂದಿದ್ರಿ."

"ಸಮಿತಿಯವರು ದಿನ ಮುಂದಕ್ಕೆ ಹಾಕಲಿಲ್ಲ. ಬರ್ತೀವಿ ಅಂತ ಕೂತರು. ಒಂದೇ ಒಂದು ಕ್ಯಾಂಪು. ಒಪ್ಪಿಗೆ ಆದಮೇಲೆ ನಿನ್ನ ಹೊಸ ಮೈಕನ್ನೇ ಹಾಕೋದಿತ್ತು." ಪೆನ್ನಿನ ಮುಚ್ಚಳ ಹಾಕಿದರು. "ಯೋಚನೆ ಮಾಡಿ ನೋಡು. ಒಂದು ಹಳ್ಳೀಲಿ ವಾಲ್ವು ಕೆಟ್ಟಿರೋರು ಎಷ್ಟು ಜನ ಇರ್ತಾರೆ? ಬೆರಳೆಣಿಕೆ. ಉಳಿದವರಿಗೆಲ್ಲ ಹಸಿರು ಅಂದ್ರೆ ಸರಿಯಾದ ಉತ್ತರವೇ ತಾನೆ? ಯಾರಿಗೆ ಮೋಸ ಆಯ್ತು?"

"ಹಾಗಾದ್ರೆ ಒಂದು ಹಸಿರು ಬಲ್ಬು ತಂದು ಹಚ್ಚಿಡಬಹುದಿತ್ತಲ್ಲ ಸರ್. ನಾಲ್ಕು ವರ್ಷ ಯಾಕೆ ಒದ್ದಾಡಿದ್ವಿ?"

ಆಗ ನಾನು ಆ ಚೀಟಿ ಯಾರದೆಂದು ಹೇಳಿದೆ. ಯಾವ ವಾರ್ಡಿನಲ್ಲಿದ್ದಾಳೆ, ಯಾವ ಕೈ ಬಿದ್ದಿದೆ ಎಂದು ಹೇಳಿದೆ. ಅವರ ಮುಖ ನಿಜವಾಗಿಯೂ ಬಾಡಿತು. ಎದ್ದು ಬಂದು ನನ್ನ ಕುರ್ಚಿಯ ಹತ್ತಿರ ನಿಂತರು.

"ಅಯ್ಯೋ, ನಿಮ್ಮಕ್ಕ ಅಂತ ಗೊತ್ತಿದ್ದಿದ್ರೆ ನಾನೇ ಸಾಲಿನಿಂದ ಎಬ್ಬಿಸಿ ಕಳಿಸ್ತಿದ್ದೆನಲ್ಲಮ್ಮ" ಎಂದರು.

ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ನನ್ನ ಅಕ್ಕ ಅಲ್ಲದವರು ಕೂತಿರಲಿ, ಹಸಿರು ಚೀಟಿ ಹಿಡಿದು ಮನೆಗೆ ಹೋಗಲಿ ಎಂಬ ಅರ್ಥ ಆ ಮಾತಿನಲ್ಲಿದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಈ ಮನುಷ್ಯನನ್ನು ದೇವರೆಂದುಕೊಂಡಿದ್ದೆ. ಬೈಯಬೇಕೆಂದು ಹೋದವಳಿಗೆ ಒಂದು ಬೈಗುಳವೂ ಬರಲಿಲ್ಲ, ಅಳು ಬಂತು. ಅವರ ಮುಂದೆ ಅತ್ತೆನಲ್ಲ ಎಂಬ ಸಿಟ್ಟು ಇನ್ನೂ ಇದೆ. ಹೊರಡುವಾಗ, "ವರದಿಯಲ್ಲಿ ನಿನ್ನ ಹೆಸರನ್ನೇ ಮೊದಲು ಹಾಕಿದೀನಿ, ನೋಡು" ಎಂದರು. ಪ್ರೀತಿಯಿಂದ ಹೇಳಿದರೋ, ಹೆದರಿಸಲು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಮಿತಿಗೆ ಎಲ್ಲವನ್ನೂ ಬರೆದೆ. ಒಪ್ಪಿಗೆ ನಿಂತಿತು. ವಿಚಾರಣೆ ನಡೆಯುತ್ತಿದೆ ಎಂದು ಪತ್ರ ಬಂತು, ಅದು ಇನ್ನೂ ನಡೆಯುತ್ತಲೇ ಇದೆ. ವಿಭಾಗದಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟರು. ಗುರುದ್ರೋಹ ಎಂಬ ಮಾತನ್ನು ನನ್ನ ಬೆನ್ನಿಗೆ ಕೇಳುವಷ್ಟು ಜೋರಾಗಿಯೇ ಆಡಿಕೊಂಡರು. ಕ್ಯಾಂಪಿನ ಪಟ್ಟಿಯನ್ನು ಸರ್ ಜೊತೆ ಅಲ್ಲಿಗೆ ಹೋಗಿದ್ದ ಒಬ್ಬ ವಿದ್ಯಾರ್ಥಿನಿ ತಂದುಕೊಟ್ಟಳು. ಅರಕಲಗೂಡಿನ ಒಬ್ಬ ಲೇಡಿ ಡಾಕ್ಟರನ್ನು ಜೊತೆಗೆ ಕರೆದುಕೊಂಡು ನಾಲ್ಕು ಭಾನುವಾರ ಆ ಮನೆಗಳಿಗೆಲ್ಲ ಹೋದೆ. ಹಸಿರು ಚೀಟಿಯನ್ನು ಕೆಲವರು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಅದು ಸುಳ್ಳು ಚೀಟಿ, ಇನ್ನೊಮ್ಮೆ ಎದೆ ತೋರಿಸಿ ಎಂದು ಪ್ರತಿ ಬಾಗಿಲಲ್ಲೂ ಹೇಳಬೇಕಾಯಿತು. ಬಹಳಷ್ಟು ಜನ ಚೆನ್ನಾಗಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬಳ ಎದೆಯಲ್ಲಿ ಡಾಕ್ಟರಿಗೆ ಆ ಗುಡುಗುಡು ಸಿಕ್ಕಿತು. ಅವಳನ್ನು ಮಾರನೇ ದಿನವೇ ಹಾಸನಕ್ಕೆ ಕಳಿಸಿದೆವು.

ಅಕ್ಕ ಉಳಿದಳು. ಮೈಸೂರಿನಲ್ಲಿ ಬಲೂನು ಹಾಕಿ ವಾಲ್ವನ್ನು ಅಗಲಿಸಿದರು. ಮಾತು ತಿರುಗಿ ಬಂತು, ಉಸಿರೂ ಹಗುರಾಯಿತು. ಬಲಗೈ ಭುಜದಿಂದ ಎತ್ತುತ್ತಾಳೆ, ಬೆರಳು ಮಾತ್ರ ಏನನ್ನೂ ಹಿಡಿಯುವುದಿಲ್ಲ. ಶಾಲೆಯಲ್ಲಿ ಅಡುಗೆಗೆ ಬೇರೆಯವರು ಬಂದಿದ್ದಾರೆ.

ಅವಳಿಗೆ ನಾನು ಎಲ್ಲ ಹೇಳಿದ್ದು ಅವರೆಕಾಯಿ ಕಾಲದಲ್ಲಿ. ಅಲ್ಲಿಯವರೆಗೆ ಅವಳು, ಮಿಶನ್ನು ಅಂದ್ಮೇಲೆ ಕೆಡ್ತದೆ, ಅದಕ್ಕೆ ನೀನ್ಯಾಕೆ ಕೊರಗ್ತೀಯೆ ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ಅವತ್ತು ಇಬ್ಬರೂ ಜಗಲಿಯ ಮೇಲೆ ಮೊರದ ಆಚೆ ಈಚೆ ಕೂತು ಕಾಯಿ ಬಿಡಿಸುತ್ತಿದ್ದೆವು. ಅವಳು ಕಾಯಿಯನ್ನು ಮಂಡಿಗೆ ಒತ್ತಿ ಹಿಡಿದು ಎಡಗೈಯಲ್ಲಿ ಸಿಪ್ಪೆ ಬಿಡಿಸುವುದನ್ನು ಕಲಿತಿದ್ದಳು. ಇನ್ನು ತಡೆಯಲಾರೆ ಎನ್ನಿಸಿ ಹೇಳತೊಡಗಿದೆ. ತಾಳಿಯ ಸದ್ದು, ಕಾಯಿ ವ್ಯಾಪಾರದ ಹೆಂಗಸು ಅಂದದ್ದು, ನಾನು ತೋರಿಸಿಕೊಟ್ಟದ್ದು, ಸರ್ ಮಾತು ಕೊಟ್ಟದ್ದು, ಮುರಿದದ್ದು. ನನಗೆ ಆದ ಮೋಸವನ್ನು ಒಂದೂ ಬಿಡದೆ ಹೇಳಿದೆ. ಅವಳು ನನ್ನ ಬೆನ್ನು ಸವರುತ್ತಾಳೆ, ಆ ಮುಂಡೇಮಗ ಹಾಳಾಗ ಎಂದು ನನ್ನ ಪರವಾಗಿ ನಾಲ್ಕು ಬೈಯುತ್ತಾಳೆ ಎಂದು ಕಾದೆ. ಚಿಕ್ಕಂದಿನಿಂದ ಅವಳು ಮಾಡಿಕೊಂಡು ಬಂದದ್ದು ಅದನ್ನೇ.

ಅಕ್ಕ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಅದು ಸುಳ್ ಯೇಳ್ತದೆ ಅಂತ ನಿಂಗೆ ಯಾವತ್ ಗೊತ್ತಾಯ್ತು?" ಎಂದಳು.

"ಯೇಳಿದ್ನಲ್ಲಕ್ಕ, ಚನ್ನರಾಯಪಟ್ಣದಲ್ಲಿ."

"ನಮ್ಮೂರ್ಗೆ ಬರಕ್ಕೆ ಮುಂಚೆನಾ, ಆಮ್ಯಾಕಾ?"

"ಮುಂಚೆ."

"ಎಷ್ಟ್ ದಿನ ಮುಂಚೆ?"

ಲೆಕ್ಕ ಹಾಕುವ ಅಗತ್ಯ ಇರಲಿಲ್ಲ. "ಹದಿನೆಂಟು ದಿನ" ಎಂದೆ.

"ಆ ಹದಿನೆಂಟು ದಿನ್ದಾಗೆ ನಂಗೆ ಎಷ್ಟ್ ಸಲ ಫೋನ್ ಮಾಡಿದ್ದೆ?"

ಸರ್ ಯಾರಿಗೂ ಹೇಳಬೇಡ ಅಂದಿದ್ದರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅವಳ ಮುಂದೆ ಆಡಲಾಗಲಿಲ್ಲ.

"ದಿನಾ ಮಾಡಿದ್ದೆ" ಎಂದೆ.

ಅಕ್ಕ ಹೂಂ ಎಂದಳು. ನಮ್ಮಿಬ್ಬರ ನಡುವೆ ಇದ್ದ ಮೊರವನ್ನು ಎಡಗೈಯಿಂದ ತನ್ನ ಕಡೆಗೆ ಎಳೆದುಕೊಂಡು ಮತ್ತೆ ಕಾಯಿ ಬಿಡಿಸತೊಡಗಿದಳು. ನನ್ನ ಕೈಯಲ್ಲಿ ಒಂದು ಕಾಯಿ ಉಳಿದಿತ್ತು, ಅದನ್ನು ಕೊಡು ಎಂದು ಅವಳು ಕೇಳಲಿಲ್ಲ.